ಮಹಾ ಜಾಗೃತಿಯಲ್ಲಿ ಸಿದ್ಧಾಂತ ಮತ್ತು ಭಾವಾನುಭವದ ವಿವಾದ

ಮಹಾ ಜಾಗೃತಿಯ ವಿವಾದವು 1740ರ ದಶಕದಲ್ಲಿ ಬ್ರಿಟಿಷ್ ಅಮೆರಿಕದ ನ್ಯೂ ಇಂಗ್ಲೆಂಡ್ ವಸಾಹತುಗಳ ಪ್ರಾಟೆಸ್ಟೆಂಟ್ ಬೋಧಕರ ನಡುವೆ ನಡೆದ ವಾಗ್ವಾದವಾಗಿದೆ. ಆ ಕಾಲದ ಕ್ರೈಸ್ತ ಉಜ್ಜೀವನದಲ್ಲಿ ಜನರು ಆರಾಧನೆಯ ನಡುವೆ ಅಳುವುದು, ಕೂಗಿಕೊಳ್ಳುವುದು, ಮೂರ್ಛೆ ಹೋಗುವುದು ಸಾಮಾನ್ಯವಾಗಿತ್ತು. ಇವು ಪವಿತ್ರಾತ್ಮನ ಕಾರ್ಯದ ಫಲವೇ ಅಥವಾ ಕೆರಳಿದ ಕಲ್ಪನೆಯ ಫಲವೇ ಎಂಬುದು ವಿವಾದದ ಮೂಲ ಪ್ರಶ್ನೆ. ಉಜ್ಜೀವನವನ್ನು ವಿರೋಧಿಸಿದವರಿಗೆ ‘ಹಳೆ ಬೆಳಕಿನವರು’ ಎಂದೂ ಬೆಂಬಲಿಸಿದವರಿಗೆ ‘ಹೊಸ ಬೆಳಕಿನವರು’ ಎಂದೂ ಹೆಸರು ಬಂದಿತು. ಬಾಸ್ಟನ್ನಿನ ಚಾರ್ಲ್ಸ್ ಚಾನ್ಸಿ ಮತ್ತು ನಾರ್ಥಾಂಪ್ಟನ್ನಿನ ಜೊನಾಥನ್ ಎಡ್ವರ್ಡ್ಸ್ ಈ ಎರಡು ಪಕ್ಷಗಳ ಮುಖ್ಯ ಲೇಖಕರು.

ಈ ವಿವಾದವನ್ನು ಕೆಲವೊಮ್ಮೆ ಕನ್ನಡ ಕ್ರೈಸ್ತರು ‘ಸ್ವಸ್ಥಬೋಧನೆ’ ಎನ್ನುವ ಶುದ್ಧ ಸಿದ್ಧಾಂತಕ್ಕೂ ಬರಿಯ ಭಾವೋದ್ರೇಕಕ್ಕೂ ನಡೆದ ಹೋರಾಟವೆಂದು ವಿವರಿಸಲಾಗುತ್ತದೆ. ಈ ವಿವರಣೆ ಪೂರ್ಣ ಸರಿಯಲ್ಲ. 1740ರಲ್ಲಿ ಎರಡೂ ಪಕ್ಷದ ಬೋಧಕರು ಬಹುಮಟ್ಟಿಗೆ ಒಂದೇ ಕ್ಯಾಲ್ವಿನ್ ಪಂಥದ ಬೋಧನೆಯನ್ನು ಒಪ್ಪಿದವರಾಗಿದ್ದರು. ಬೋಧನೆಯನ್ನು ಒಪ್ಪಿದ ಮನುಷ್ಯನ ಹೃದಯದಲ್ಲಿ ಅದು ನಿಜವಾಗಿ ನೆಲೆಗೊಂಡಿದೆ ಎಂಬುದನ್ನು ತಿಳಿಯುವ ಬಗೆ ಯಾವುದು ಎಂಬಲ್ಲಿಯೇ ಅವರು ಬೇರೆಯಾದರು.

ಹಿನ್ನೆಲೆ

ಈ ಪ್ರಶ್ನೆ ನ್ಯೂ ಇಂಗ್ಲೆಂಡಿಗೆ ಹೊಸದಾಗಿರಲಿಲ್ಲ. 17ನೇ ಶತಮಾನದಲ್ಲಿ ಅಲ್ಲಿ ನೆಲೆಸಿದ ಪ್ಯೂರಿಟನ್ನರ ಅನೇಕ ಸಭೆಗಳಲ್ಲಿ ಪೂರ್ಣ ಸದಸ್ಯತ್ವ ಬಯಸುವವರು ತಮ್ಮ ಅಂತರಂಗದಲ್ಲಿ ದೇವರ ಕೃಪೆ ಕಾರ್ಯ ಮಾಡಿದ ಬಗೆಯನ್ನು ಸಭೆಯ ಮುಂದೆ ನಿವೇದಿಸಬೇಕಾಗಿತ್ತು. ಮುಂದಿನ ತಲೆಮಾರುಗಳಲ್ಲಿ ಹಾಗೆ ಹೇಳಬಲ್ಲವರ ಸಂಖ್ಯೆ ಇಳಿಯಿತು. 1662ರಲ್ಲಿ ಬೋಧಕರ ಸಮ್ಮೇಳನವು ‘ಅರ್ಧ ಒಡಂಬಡಿಕೆ’ ಎಂದು ಹೆಸರಾದ ಏರ್ಪಾಡನ್ನು ಅನುಮೋದಿಸಿತು. ಇದರಂತೆ, ಅಂಥ ಅನುಭವವನ್ನು ಹೇಳಲಾಗದ, ಆದರೆ ಸಭ್ಯವಾಗಿ ಬಾಳುವ ತಂದೆತಾಯಿಯರ ಮಕ್ಕಳಿಗೂ ದೀಕ್ಷಾಸ್ನಾನ ದೊರೆಯಿತು. ನಾರ್ಥಾಂಪ್ಟನ್ನಿನ ಸಭಾಪಾಲಕ ಸಾಲೊಮನ್ ಸ್ಟಾಡರ್ಡ್ ಇನ್ನೂ ಮುಂದೆ ಹೋಗಿ, ನಡತೆಯಲ್ಲಿ ದೋಷವಿಲ್ಲದ ಎಲ್ಲರಿಗೂ ಕರ್ತನ ಭೋಜನವನ್ನು ತೆರೆದಿಟ್ಟನು. 1729ರಲ್ಲಿ ಆತ ತೀರಿಕೊಂಡಾಗ ಅವನ ಸ್ಥಾನಕ್ಕೆ ಬಂದವನು ಮಗಳ ಮಗನಾದ ಎಡ್ವರ್ಡ್ಸ್ (1703–1758).

ನಾರ್ಥಾಂಪ್ಟನ್ ಉಜ್ಜೀವನ

1734ರ ಕೊನೆಯಲ್ಲಿ ಎಡ್ವರ್ಡ್ಸನ ಸಭೆಯ ಯುವಜನರಲ್ಲಿ ಆರಂಭವಾದ ಧಾರ್ಮಿಕ ಕಳವಳ ಕೆಲವೇ ತಿಂಗಳಲ್ಲಿ ಇಡೀ ಊರಿಗೆ ಹರಡಿತು. ಅರ್ಧ ವರ್ಷದೊಳಗೆ ಸುಮಾರು 300 ಜನರಲ್ಲಿ ಮಾನಸಾಂತರವಾಯಿತೆಂದು ಅವನು ಅಂದಾಜು ಮಾಡಿದನು. ಈ ಕುರಿತ ಅವನ ವರದಿ 1737ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮರುವರ್ಷ ಜಾನ್ ವೆಸ್ಲಿ ಅದನ್ನು ಲಂಡನ್ನಿನಿಂದ ಆಕ್ಸ್‌ಫರ್ಡಿಗೆ ನಡೆದು ಹೋಗುವ ದಾರಿಯಲ್ಲಿ ಓದಿದನು.

ವರದಿಯಲ್ಲಿ ಹರ್ಷದ ಸಂಗತಿಗಳಷ್ಟೇ ಇರಲಿಲ್ಲ. 1735ರ ಜೂನ್ 1ರಂದು ಎಡ್ವರ್ಡ್ಸನ ಚಿಕ್ಕಮ್ಮನ ಗಂಡ, ವರ್ತಕ ಜೋಸೆಫ್ ಹಾಲಿ, ತನ್ನ ಆತ್ಮದ ಗತಿಯ ಬಗೆಗಿನ ಭಯದಲ್ಲಿ ಮುಳುಗಿ ಆತ್ಮಹತ್ಯೆ ಮಾಡಿಕೊಂಡನು. ಆ ಬಳಿಕ ಊರಿನ ಇನ್ನೂ ಕೆಲವರಿಗೆ ಹಾಗೆಯೇ ಮಾಡಬೇಕೆಂಬ ಪ್ರೇರಣೆ ಉಂಟಾಯಿತೆಂದು ಎಡ್ವರ್ಡ್ಸನೇ ದಾಖಲಿಸಿದ್ದಾನೆ. ಉಜ್ಜೀವನದ ಕಾವು ಅಲ್ಲಿಗೆ ತಗ್ಗಿತು. ಭಾವದ ತೀವ್ರತೆಯೊಂದನ್ನೇ ನೆಚ್ಚಬಾರದೆಂದು ಅವನು ಮುಂದೆ ಬರೆದ ಮಾತುಗಳನ್ನು ಈ ಸಾವಿನಿಂದ ಬೇರ್ಪಡಿಸಿ ಓದುವುದು ಕಷ್ಟ.

ಸಂಚಾರಿ ಬೋಧಕರು

ಸ್ಥಳೀಯವಾಗಿದ್ದ ಉಜ್ಜೀವನವನ್ನು ವಸಾಹತುಗಳ ಉದ್ದಗಲಕ್ಕೆ ಕೊಂಡೊಯ್ದವನು ಇಂಗ್ಲೆಂಡಿನ ಆಂಗ್ಲಿಕನ್ ಪಾದ್ರಿ ಜಾರ್ಜ್ ವೈಟ್‌ಫೀಲ್ಡ್. 1740ರ ಶರತ್ಕಾಲದಲ್ಲಿ ನ್ಯೂ ಇಂಗ್ಲೆಂಡಿಗೆ ಬಂದ ಅವನು ಬಯಲಿನಲ್ಲಿ, ಬರೆದ ಪ್ರತಿಯಿಲ್ಲದೆ, ನಟನಂತೆ ಅಭಿನಯಿಸುತ್ತ ಬೋಧಿಸಿದನು. ಅವನ ದನಿ ಬಯಲಿನಲ್ಲಿ 30,000ಕ್ಕೂ ಹೆಚ್ಚು ಜನರಿಗೆ ಕೇಳಿಸಬಲ್ಲದೆಂದು ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಲೆಕ್ಕ ಹಾಕಿದ್ದನು; ಆತ ಅವನ ದನಿಯನ್ನು ಮೆಚ್ಚಿದರೂ ಅವನ ಬೋಧನೆಗೆ ಒಲಿಯಲಿಲ್ಲ. ಅದೇ ವರ್ಷದ ಮಾರ್ಚಿನಲ್ಲಿ ಪೆನ್ಸಿಲ್ವೇನಿಯಾದಲ್ಲಿ ಪ್ರೆಸ್ಬಿಟೇರಿಯನ್ ಬೋಧಕ ಗಿಲ್ಬರ್ಟ್ ಟೆನೆಂಟ್, ಸ್ವತಃ ಮಾನಸಾಂತರ ಹೊಂದದ ಬೋಧಕರು ಸಭೆಗೆ ಅಪಾಯಕಾರಿ ಎಂದು ಪ್ರಸಂಗಿಸಿದನು. ಇದರ ಪರಿಣಾಮ ಗಂಭೀರವಾಗಿತ್ತು. ಅಲ್ಲಿಯವರೆಗೆ ಬೋಧಕನ ಯೋಗ್ಯತೆಯನ್ನು ವಿದ್ಯೆ ಮತ್ತು ದೀಕ್ಷೆ ನಿರ್ಧರಿಸುತ್ತಿದ್ದವು. ಇನ್ನು ಮುಂದೆ ಕೇಳುಗನೇ ಬೋಧಕನ ಹೃದಯವನ್ನು ಅಳೆಯಬಹುದಾಯಿತು. ಮರುವರ್ಷ ಪ್ರೆಸ್ಬಿಟೇರಿಯನ್ನರು ಎರಡಾಗಿ ಒಡೆದು, 1758ರವರೆಗೂ ಒಂದಾಗಲಿಲ್ಲ.

1741ರ ಜುಲೈ 8ರಂದು ಎನ್‌ಫೀಲ್ಡ್‌ನಲ್ಲಿ ಎಡ್ವರ್ಡ್ಸ್ ಮಾಡಿದ, ಕೋಪಗೊಂಡ ದೇವರ ಕೈಯಲ್ಲಿರುವ ಪಾಪಿಗಳನ್ನು ಕುರಿತ ಪ್ರಸಂಗ ಈ ಕಾಲದ ಅತಿ ಪ್ರಸಿದ್ಧ ಪ್ರಸಂಗವಾಗಿದೆ. ಜನರ ಚೀರಾಟದಿಂದಾಗಿ ಅವನು ನಡುವೆ ನಿಲ್ಲಿಸಬೇಕಾಯಿತು. ಆದರೆ ಎಡ್ವರ್ಡ್ಸ್ ವೈಟ್‌ಫೀಲ್ಡನಂಥ ವಾಗ್ಮಿಯಾಗಿರಲಿಲ್ಲ. ಸಮಕಾಲೀನರು ಅವನನ್ನು ಶಾಂತವಾಗಿ, ಹೆಚ್ಚು ಹಾವಭಾವವಿಲ್ಲದೆ ಮಾತನಾಡುವವನೆಂದೇ ನೆನೆದಿದ್ದಾರೆ. ಅದೇ ಸೆಪ್ಟೆಂಬರಿನಲ್ಲಿ ಯೇಲ್ ಕಾಲೇಜಿನಲ್ಲಿ, ಆತ್ಮಗಳನ್ನು ಪರೀಕ್ಷಿಸಬೇಕೆನ್ನುವ ಯೋಹಾನನ ಮೊದಲನೆಯ ಪತ್ರದ 4ನೇ ಅಧ್ಯಾಯವನ್ನು ಆಧರಿಸಿ ಅವನು ಮಾಡಿದ ಪ್ರಸಂಗ ಈ ವಿವಾದದ ದೃಷ್ಟಿಯಿಂದ ಹೆಚ್ಚು ಮುಖ್ಯವಾದದ್ದು. ಕೂಗು, ನಡುಕ, ಮೂರ್ಛೆಗಳಿಂದ ಒಂದು ಕಾರ್ಯ ದೇವರದೆಂದಾಗಲಿ ಅಲ್ಲವೆಂದಾಗಲಿ ತೀರ್ಮಾನಿಸಲಾಗದು ಎಂಬುದು ಅದರ ತಿರುಳು.

ಡ್ಯಾವೆನ್‌ಪೋರ್ಟ್ ಪ್ರಕರಣ

ಉಜ್ಜೀವನದ ವಿರೋಧಿಗಳಿಗೆ ಅತ್ಯಂತ ಬಲವಾದ ಸಾಕ್ಷ್ಯವನ್ನು ಒದಗಿಸಿದವನು ಲಾಂಗ್ ಐಲೆಂಡಿನ ಸೌತೋಲ್ಡ್ ಸಭೆಯ ಬೋಧಕ ಜೇಮ್ಸ್ ಡ್ಯಾವೆನ್‌ಪೋರ್ಟ್. ಯೇಲ್‌ನಲ್ಲಿ ಓದಿದ ಈತ ತನ್ನ ಸಭೆಯನ್ನು ಬಿಟ್ಟು ಊರೂರು ತಿರುಗಿ, ಬೀದಿಗಳಲ್ಲಿ ಹಾಡುತ್ತ ಸಾಗಿ, ಸ್ಥಳೀಯ ಬೋಧಕರನ್ನು ಹೆಸರು ಹಿಡಿದು ಮಾನಸಾಂತರವಿಲ್ಲದವರೆಂದು ಖಂಡಿಸುತ್ತಿದ್ದನು. 1742ರಲ್ಲಿ ಕನೆಕ್ಟಿಕಟ್ ವಸಾಹತು ಸಂಚಾರಿ ಬೋಧಕರ ವಿರುದ್ಧ ಕಾಯಿದೆ ಮಾಡಿ ಅವನನ್ನು ಹೊರಹಾಕಿತು; ಅದೇ ವರ್ಷ ಬಾಸ್ಟನ್ನಿನ ನ್ಯಾಯಾಲಯ ಅವನನ್ನು ಬುದ್ಧಿ ಸ್ಥಿಮಿತವಿಲ್ಲದವನೆಂದು ನಿರ್ಣಯಿಸಿತು.

1743ರ ಮಾರ್ಚ್ 6ರಂದು ನ್ಯೂ ಲಂಡನ್ನಿನಲ್ಲಿ ಅವನ ಪ್ರೇರಣೆಯಿಂದ ಹಿಂಬಾಲಕರು ಧಾರ್ಮಿಕ ಗ್ರಂಥಗಳನ್ನು ರಾಶಿ ಹಾಕಿ ಸುಟ್ಟರು. ಅವು ನಾಸ್ತಿಕರ ಪುಸ್ತಕಗಳಲ್ಲ, ಗೌರವಾನ್ವಿತ ಪ್ಯೂರಿಟನ್ ಬೋಧಕರ ಕೃತಿಗಳು. ಸಿದ್ಧಾಂತವನ್ನು ಅನುಭವವು ಅಕ್ಷರಶಃ ಬೆಂಕಿಗೆ ಹಾಕಿದ ಸಂದರ್ಭ ಇದೊಂದೇ ಎನ್ನಬಹುದು. ಮರುದಿನ ಲೌಕಿಕ ಆಡಂಬರದ ಗುರುತಾದ ಉಡುಪುಗಳನ್ನು ರಾಶಿ ಹಾಕಿದಾಗ ಡ್ಯಾವೆನ್‌ಪೋರ್ಟ್ ತನ್ನ ಚಲ್ಲಣವನ್ನೂ ಅದಕ್ಕೆ ಸೇರಿಸಿದನು. ಹಿಂಬಾಲಕರಲ್ಲೇ ಕೆಲವರು ಅಡ್ಡಿಪಡಿಸಿದರು. 1744ರಲ್ಲಿ ಅವನು ತಪ್ಪೊಪ್ಪಿಗೆಯನ್ನು ಪ್ರಕಟಿಸಿ, ಸುಳ್ಳು ಆತ್ಮದಿಂದ ಮೋಸಹೋದೆನೆಂದೂ ಆಗ ತಾನು ಕಾಯಿಲೆಯಲ್ಲಿದ್ದೆನೆಂದೂ ತಿಳಿಸಿದನು. ಆದರೆ ಉಜ್ಜೀವನವನ್ನೇ ಅವನು ನಿರಾಕರಿಸಲಿಲ್ಲ.

ಚಾನ್ಸಿಯ ಆಕ್ಷೇಪ

ಬಾಸ್ಟನ್ನಿನ ಮೊದಲನೆಯ ಸಭೆಯ ಬೋಧಕ ಚಾರ್ಲ್ಸ್ ಚಾನ್ಸಿ 1742ರಲ್ಲಿ ಪ್ರಕಟಿಸಿದ ಪ್ರಸಂಗಕ್ಕೆ ಡ್ಯಾವೆನ್‌ಪೋರ್ಟ್‌ನಿಗೆ ಬರೆದ ಪತ್ರವೇ ಮುನ್ನುಡಿಯಾಗಿತ್ತು. ಪ್ರಸಂಗದ ಶೀರ್ಷಿಕೆಯಲ್ಲಿದ್ದ ‘ಎಂಥೂಸಿಯಾಸಂ’ ಎಂಬ ಪದಕ್ಕೆ ಅಂದು ಇಂದಿನ ‘ಉತ್ಸಾಹ’ ಎಂಬ ಅರ್ಥವಿರಲಿಲ್ಲ. ದೇವರು ತನ್ನೊಡನೆ ನೇರವಾಗಿ ಮಾತನಾಡುತ್ತಿದ್ದಾನೆಂಬ ಭ್ರಮೆಯನ್ನು ಅದು ಸೂಚಿಸುತ್ತಿತ್ತು. ಚಾನ್ಸಿ ಅದನ್ನು ಒಂದು ಬಗೆಯ ರೋಗವೆಂದೇ ಪರಿಗಣಿಸಿದನು. ಬಳಿಕ ಊರೂರಿಗೆ ಹೋಗಿ ಮಾಹಿತಿ ಕಲೆಹಾಕಿ, 1743ರಲ್ಲಿ 400ಕ್ಕೂ ಹೆಚ್ಚು ಪುಟಗಳ ಗ್ರಂಥವನ್ನು ಹೊರತಂದನು. ಅವನ ಮನಶ್ಶಾಸ್ತ್ರ ಸರಳವಾದದ್ದು: ವಿವೇಚನೆ ಮನುಷ್ಯನ ಮೇಲಿನ ಶಕ್ತಿ, ಭಾವ ಕೆಳಗಿನ ಶಕ್ತಿ, ದೇವರ ಆತ್ಮವು ಮೊದಲು ತಿಳಿವಳಿಕೆಯನ್ನು ಬೆಳಗಿಸಿ ಅದರ ಮೂಲಕ ಭಾವವನ್ನು ಹದಗೊಳಿಸುತ್ತದೆ.

ಹೀಗೆ ಕ್ರಮ ಮತ್ತು ಬೋಧನೆಯ ಪರ ನಿಂತ ಚಾನ್ಸಿಯೇ ಮುಂದೆ ಕ್ಯಾಲ್ವಿನ್ ಬೋಧನೆಯಿಂದ ದೂರ ಸರಿದು, 1784ರಲ್ಲಿ ಪ್ರಕಟವಾದ ಕೃತಿಯಲ್ಲಿ ಕೊನೆಗೆ ಎಲ್ಲ ಮನುಷ್ಯರಿಗೂ ರಕ್ಷಣೆ ದೊರೆಯುವುದೆಂದು ವಾದಿಸಿದನು. ಭಾವದ ಪರವಾಗಿ ಬರೆದ ಎಡ್ವರ್ಡ್ಸ್ ಕೊನೆಯವರೆಗೂ ಹಳೆಯ ಬೋಧನೆಯನ್ನು ಬಿಡಲಿಲ್ಲ.

ಎಡ್ವರ್ಡ್ಸನ ಉತ್ತರ

ಎಡ್ವರ್ಡ್ಸನ ಮೊದಲ ವಿಸ್ತೃತ ಸಮರ್ಥನೆ 1743ರಲ್ಲಿ ಹೊರಬಂದಿತು. ಅದರಲ್ಲಿ ಅವನು ಹೆಸರು ಹೇಳದೆ ಒಬ್ಬ ವ್ಯಕ್ತಿಯ ದೀರ್ಘ ಆನಂದಾನುಭವವನ್ನು ವರ್ಣಿಸಿದನು. ಆ ವ್ಯಕ್ತಿ ಅವನ ಪತ್ನಿ ಸಾರಾ. ಅನುಭವದ ತೀವ್ರತೆಯಿಂದ ಆಕೆಯ ದೇಹ ಶಕ್ತಿಗುಂದಿದ್ದರೂ ಮನೆವಾರ್ತೆಯಲ್ಲಾಗಲಿ ನೆರೆಯವರ ಸೇವೆಯಲ್ಲಾಗಲಿ ಲೋಪ ಬರಲಿಲ್ಲ ಎಂಬುದನ್ನು ಅವನು ಒತ್ತಿ ಹೇಳುತ್ತಾನೆ.

1746ರಲ್ಲಿ ಪ್ರಕಟವಾದ ಧಾರ್ಮಿಕ ಭಾವಗಳನ್ನು ಕುರಿತ ಗ್ರಂಥ ಅವನ ಪ್ರೌಢ ಕೃತಿ. ಚಾನ್ಸಿ ಮಾಡಿದ ಮೇಲು-ಕೀಳಿನ ವಿಂಗಡಣೆಯನ್ನು ಅವನು ಒಪ್ಪುವುದಿಲ್ಲ. ಅವನ ಪ್ರಕಾರ ಧಾರ್ಮಿಕ ಭಾವವೆಂದರೆ ಸಂಕಲ್ಪವೇ ಪೂರ್ಣ ಬಲದಿಂದ ಪ್ರವರ್ತಿಸುವ ಸ್ಥಿತಿ. ಸತ್ಯವನ್ನು ಅರಿತೂ ಅದರತ್ತ ಒಲಿಯದ ಮನಸ್ಸು ಅದನ್ನು ನಿಜವಾಗಿ ಅರಿತಿಲ್ಲ. ಜೇನು ಸಿಹಿಯೆಂದು ಕೇಳಿ ತಿಳಿಯುವುದಕ್ಕೂ ನಾಲಿಗೆಯಿಂದ ಸವಿದು ತಿಳಿಯುವುದಕ್ಕೂ ಇರುವ ಅಂತರವನ್ನು ಅವನು ಹಿಂದೆಯೇ ಒಂದು ಪ್ರಸಂಗದಲ್ಲಿ ಉದಾಹರಿಸಿದ್ದನು.

ಹಾಗೆಂದು ಗ್ರಂಥವು ಉಜ್ಜೀವನದವರಿಗೆ ಹಿತವಾಗುವಂಥದ್ದಲ್ಲ. ಯಾವುದನ್ನೂ ಸಾಬೀತು ಮಾಡದ 12 ಲಕ್ಷಣಗಳನ್ನು ಅವನು ಮೊದಲು ಪರಿಶೀಲಿಸುತ್ತಾನೆ: ಭಾವದ ತೀವ್ರತೆ, ದೇಹದ ಮೇಲಾಗುವ ಪರಿಣಾಮ, ಧಾರ್ಮಿಕ ವಿಷಯಗಳಲ್ಲಿ ನಿರರ್ಗಳ ಮಾತು, ಸತ್ಯವೇದದ ವಾಕ್ಯಗಳು ತಟ್ಟನೆ ನೆನಪಿಗೆ ಬರುವುದು, ತಾನು ರಕ್ಷಿಸಲ್ಪಟ್ಟೆನೆಂಬ ಅಚಲ ಭರವಸೆ ಮುಂತಾದವು. ಉಜ್ಜೀವನದ ಕಾಲದಲ್ಲಿ ಜನರು ಪರಸ್ಪರ ಹೇಳಿಕೊಳ್ಳುತ್ತಿದ್ದ ಸಾಕ್ಷಿಗಳ ಬಹುಪಾಲು ಈ ಪಟ್ಟಿಯಲ್ಲಿಯೇ ಬಂದುಬಿಡುತ್ತದೆ. ಬಳಿಕ ನಿಜವಾದ ಕೃಪೆಯ 12 ಗುರುತುಗಳನ್ನು ಕೊಡುತ್ತಾನೆ. ಕೊನೆಯ ಗುರುತಾದ ಕ್ರೈಸ್ತ ನಡತೆಗೆ ಅತಿ ಹೆಚ್ಚಿನ ಪುಟಗಳು ಮೀಸಲಾಗಿವೆ. ದೀರ್ಘಕಾಲ, ಕಷ್ಟದ ನಡುವೆಯೂ ಉಳಿಯುವ ನಡತೆಯೇ ಮುಖ್ಯ ಸಾಕ್ಷ್ಯವೆಂದು ಅವನು ನಿರ್ಣಯಿಸಿದನು. ಆದರೂ ಇನ್ನೊಬ್ಬನ ಹೃದಯವನ್ನು ಖಚಿತವಾಗಿ ತಿಳಿಯುವ ಅಧಿಕಾರವನ್ನು ಯಾರಿಗೂ ಕೊಡಲಿಲ್ಲ.

ಒಡಕು ಮತ್ತು ಎಡ್ವರ್ಡ್ಸನ ವಜಾ

1743ರ ಮೇ ತಿಂಗಳಲ್ಲಿ ಮ್ಯಾಸಚೂಸೆಟ್ಸ್ ಬೋಧಕರ ಸಮಾವೇಶವು ಉಜ್ಜೀವನದ ದೋಷಗಳನ್ನು ಖಂಡಿಸುವ ಹೇಳಿಕೆ ಹೊರಡಿಸಿತು. ಜುಲೈಯಲ್ಲಿ ಸೇರಿದ ಮತ್ತೊಂದು ಸಮಾವೇಶ ಉಜ್ಜೀವನ ದೇವರ ಕಾರ್ಯವೆಂದು ಸಾರಿತು. ಹಲವೆಡೆ ಹೊಸ ಬೆಳಕಿನವರು ಪ್ರತ್ಯೇಕ ಸಭೆಗಳನ್ನು ಕಟ್ಟಿಕೊಂಡರು. ಅವರಲ್ಲಿ ಐಸಾಕ್ ಬ್ಯಾಕಸ್ ಮೊದಲಾದವರು ಮುಂದೆ ಬ್ಯಾಪ್ಟಿಸ್ಟರಾಗಿ, ಸರ್ಕಾರಿ ತೆರಿಗೆಯಿಂದ ಸಭೆ ನಡೆಸುವ ಪದ್ಧತಿಯನ್ನು ವಿರೋಧಿಸಿದರು.

ನಾರ್ಥಾಂಪ್ಟನ್ನಿನಲ್ಲಿ ಉಜ್ಜೀವನದ ಉತ್ಸಾಹ ಇಳಿದ ಮೇಲೆ ಎಡ್ವರ್ಡ್ಸ್ ತಾತನ ಪದ್ಧತಿಯನ್ನು ಬಿಟ್ಟು, ಹೃದಯದ ಭಕ್ತಿಯನ್ನು ನಂಬಲರ್ಹವಾಗಿ ಅರಿಕೆ ಮಾಡುವವರಿಗಷ್ಟೇ ಸಭೆಯ ಸದಸ್ಯತ್ವ ಮತ್ತು ಕರ್ತನ ಭೋಜನವೆಂದು ವಾದಿಸಿದನು. ಒಮ್ಮೆ ಅವನ ಪ್ರಸಂಗಕ್ಕೆ ಕಣ್ಣೀರು ಸುರಿಸಿದ ಸಭೆಯೇ ಅವನ ವಿರುದ್ಧ ತಿರುಗಿತು. 1750ರ ಜೂನ್‌ನಲ್ಲಿ 200ಕ್ಕೂ ಹೆಚ್ಚು ಸದಸ್ಯರು ಅವನ ವಜಾಕ್ಕೆ ಒಪ್ಪಿದರು. ಅವನ ಪರ ನಿಂತವರು 23 ಮಂದಿ. ವಿರೋಧಿಗಳ ಮುಂಚೂಣಿಯಲ್ಲಿದ್ದವನು 1735ರಲ್ಲಿ ಆತ್ಮಹತ್ಯೆ ಮಾಡಿಕೊಂಡ ಹಾಲಿಯ ಮಗ, ಇನ್ನೊಬ್ಬ ಜೋಸೆಫ್ ಹಾಲಿ. 1760ರಲ್ಲಿ ಬಹಿರಂಗಗೊಂಡ ಪತ್ರದಲ್ಲಿ ಅವನು ತನ್ನ ನಡವಳಿಕೆಗಾಗಿ ಪಶ್ಚಾತ್ತಾಪ ವ್ಯಕ್ತಪಡಿಸಿದನು. ಎಡ್ವರ್ಡ್ಸ್ ಅಷ್ಟರಲ್ಲಿ ಸ್ಟಾಕ್‌ಬ್ರಿಜ್‌ನಲ್ಲಿ ಮೂಲನಿವಾಸಿಗಳ ನಡುವೆ ಬೋಧಕನಾಗಿ ದುಡಿದು, 1758ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಸಿಡುಬಿನ ಚುಚ್ಚುಮದ್ದಿನ ಪರಿಣಾಮದಿಂದ ತೀರಿಕೊಂಡಿದ್ದನು.

ನಂತರದ ಚರ್ಚೆ

1835ರಲ್ಲಿ ಚಾರ್ಲ್ಸ್ ಫಿನ್ನಿ ಉಜ್ಜೀವನವು ಪವಾಡವಲ್ಲ, ತಕ್ಕ ಸಾಧನಗಳನ್ನು ಸರಿಯಾಗಿ ಬಳಸಿದರೆ ದೊರೆಯುವ ಫಲ ಎಂದು ಬೋಧಿಸಿದನು. ದೇವರು ತಾನಾಗಿ ಸುರಿಸುವ ಮಳೆಯಂತೆ ಉಜ್ಜೀವನವನ್ನು ಕಂಡಿದ್ದ ಎಡ್ವರ್ಡ್ಸನಿಗೆ ಇದು ಒಪ್ಪಿಗೆಯಾಗುತ್ತಿರಲಿಲ್ಲ. ‘ಮಹಾ ಜಾಗೃತಿ’ ಎಂಬ ಹೆಸರು ವ್ಯಾಪಕವಾದದ್ದು ಜೋಸೆಫ್ ಟ್ರೇಸಿ 1842ರಲ್ಲಿ ಬರೆದ ಇತಿಹಾಸದಿಂದ. ಚದುರಿದ ಸ್ಥಳೀಯ ಘಟನೆಗಳನ್ನು ಒಂದೇ ಚಳವಳಿಯೆಂದು ಕರೆಯುವುದು ನಂತರದವರ ಕಲ್ಪನೆ ಎಂದು ಇತಿಹಾಸಕಾರ ಜಾನ್ ಬಟ್ಲರ್ 1982ರಲ್ಲಿ ವಾದಿಸಿದನು.