ಹಂಚಿನ ಮಾಡಿನ ನಿಲ್ದಾಣಕ್ಕೆ ಮರುಹುಟ್ಟು

ವಿದುರಾಶ್ವತ್ಥವನ್ನು ನೋಡಿ ಬರಬೇಕೆಂಬುದು ನಮ್ಮ ಧರ್ಮಕೇಂದ್ರದ ಹಿರಿಯರ ಬಹುದಿನಗಳ ಅಪೇಕ್ಷೆಯಾಗಿತ್ತು. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕಾಗಿ ಅಲ್ಲಿ ನೆರೆದಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂದು ಆ ಸ್ಥಳ ಹೆಸರಾಯಿತು. ಒಂದು ಭಾನುವಾರ ಬೆಳಗಿನ ಪೂಜೆ ಮುಗಿಸಿಕೊಂಡು ಹೊರಟ ನಾವು, ಹುತಾತ್ಮರ ಸ್ಮಾರಕದ ಮುಂದೆ ಮೌನವಾಗಿ ನಿಂತು, ವೀರಸೌಧದ ಚಿತ್ರಗಳನ್ನು ನೋಡಿಕೊಂಡು ಮಧ್ಯಾಹ್ನದ ವೇಳೆಗೆ ಗೌರಿಬಿದನೂರಿನಿಂದ ಮಂಚೇನಹಳ್ಳಿಯ ಮಾರ್ಗವಾಗಿ ಚಿಕ್ಕಬಳ್ಳಾಪುರದತ್ತ ತಿರುಗಿದೆವು. ಅಲ್ಲಿಂದ ನೇರವಾಗಿ ಊರು ಸೇರುವುದೆಂದು ನಿಶ್ಚಯವಾಗಿತ್ತು. ಆದರೆ ಜೊತೆಯಲ್ಲಿದ್ದ ಹಿರಿಯರೊಬ್ಬರು ಬಿಡಲಿಲ್ಲ. ಬಾಲ್ಯವನ್ನು ಶಿಡ್ಲಘಟ್ಟದಲ್ಲಿ ಕಳೆದ ಅವರಿಗೆ, ತಾವು ಚಿಕ್ಕಂದಿನಲ್ಲಿ ಕಂಡ ನಂದಿಯ ರೈಲು ನಿಲ್ದಾಣವನ್ನು ದುರಸ್ತಿ ಮಾಡಿದ್ದಾರೆಂಬ ಸುದ್ದಿ ತಿಳಿದಿತ್ತು. ‘ಬೆಟ್ಟವನ್ನು ಎಲ್ಲರೂ ನೋಡುತ್ತಾರೆ, ಇವತ್ತು ಬೆಟ್ಟದ ಬುಡದ ಆ ಮನೆಯನ್ನು ನೋಡೋಣ ಬನ್ನಿ’ ಎಂದರು.

ನಂದಿ ಹಾಲ್ಟ್ ಎಂಬ ಈ ನಿಲ್ದಾಣ ಯಲಹಂಕ-ಚಿಕ್ಕಬಳ್ಳಾಪುರ ಮಾರ್ಗದಲ್ಲಿ ಚಿಕ್ಕಬಳ್ಳಾಪುರಕ್ಕೆ ಮೊದಲು ಸಿಗುತ್ತದೆ. ಇಂದು ಬೆಂಗಳೂರಿನಿಂದ ವಿದ್ಯುತ್ ರೈಲು ಸಲೀಸಾಗಿ ಓಡುವ ಈ ದಾರಿ ಹುಟ್ಟಿದಾಗ ಎರಡೂವರೆ ಅಡಿ ಅಗಲದ, ಎಂದರೆ 762 ಮಿಲಿಮೀಟರಿನ ಸಣ್ಣ ಹಳಿಯದಾಗಿತ್ತು. ಅತ್ತ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಸಣ್ಣ ರೈಲು ಬಂತು. ಇತ್ತ ಯಲಹಂಕದಿಂದ ದೊಡ್ಡಜಾಲ, ದೇವನಹಳ್ಳಿ, ಅವತಿಹಳ್ಳಿ, ನಂದಿಗಳ ಮೂಲಕ ಚಿಕ್ಕಬಳ್ಳಾಪುರದ ಹಳಿಗಳು 1915ರ ಸುಮಾರಿಗೆ ಸಿದ್ಧವಾದವು. ನಡುವೆ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರಗಳನ್ನು ಪೋಣಿಸಿಕೊಂಡು ಎರಡು ತುದಿಗಳೂ ಕೂಡಿದವು. ಆಗ ಮೈಸೂರಿನ ದಿವಾನರಾಗಿದ್ದವರು ಇದೇ ನಂದಿಯ ನೆರೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು. ಕೈಗಾರಿಕೆಯಿಲ್ಲದೆ ನಾಡಿಗೆ ಉಳಿವಿಲ್ಲವೆಂದು ಸಾರಿದವರ ಊರಿನ ಬಳಿಯಲ್ಲಿಯೇ ಆ ಕಾಲದ ಕಟ್ಟಡವೊಂದು ಉಳಿದುಬಂದಿರುವುದು ಕಾಕತಾಳೀಯವಿದ್ದೀತು. ನಮಗೇನೋ ಅದು ಸಂತೋಷ ಕೊಟ್ಟಿತು.

ಈ ಸಣ್ಣ ರೈಲು ಹೊತ್ತದ್ದು ಅರಸರನ್ನೂ ಅಧಿಕಾರಿಗಳನ್ನೂ ಮಾತ್ರವಲ್ಲ. ನದಿಯಿಲ್ಲದ, ಕೆರೆಗಳನ್ನೇ ನಂಬಿದ ಸೀಮೆಯಿದು. ಬೆಳೆದ ಬೆಳೆಗೂ ಶಿಡ್ಲಘಟ್ಟದ ರೇಷ್ಮೆಗೂ ದೂರದ ಪೇಟೆಯ ದಾರಿ ಬೇಕಾಗಿತ್ತು. ಚಿನ್ನದ ಗಣಿಯ ಕಡೆಗೆ ಕೆಲಸ ಹುಡುಕಿ ಹೊರಟವರಿಗೂ ಬಂಗಾರಪೇಟೆಯೇ ಬಾಗಿಲು. ನಮ್ಮ ಹಿರಿಯರು ನೆನಪಿಸಿಕೊಂಡದ್ದು ಅದರ ನಿಧಾನವನ್ನು. ಏರಿನಲ್ಲಿ ರೈಲು ಏದುಸಿರು ಬಿಡುವಾಗ ಹುಡುಗರು ಕೆಳಗಿಳಿದು, ಬೇಲಿಯ ಹಣ್ಣು ಕಿತ್ತುಕೊಂಡು ಮತ್ತೆ ಹತ್ತುತ್ತಿದ್ದರಂತೆ. ಎಲ್ಲ ಸಣ್ಣ ರೈಲುಗಳ ಬಗ್ಗೆಯೂ ಈ ಕಥೆಯಿದೆ. ಎಲ್ಲ ಕಡೆಯೂ ನಿಜವಿದ್ದೀತೆಂದು ನಾವು ನಂಬಿದ್ದೇವೆ.

1990ರ ದಶಕದಲ್ಲಿ ಯಲಹಂಕದಿಂದ ಚಿಕ್ಕಬಳ್ಳಾಪುರದವರೆಗೆ ಅಗಲ ಹಳಿ ಬಂದಿತು. ಚಿಕ್ಕಬಳ್ಳಾಪುರ-ಕೋಲಾರದ ನಡುವೆ ಅಗಲ ಹಳಿಯ ಮೇಲೆ ರೈಲು ಓಡಿದ್ದು 2013ರ ನವೆಂಬರ್‌ನಲ್ಲಿ. ಹಳಿ ಬದಲಾದಾಗ ಹಳೆಯ ಕಟ್ಟಡಕ್ಕೆ ಕೆಲಸ ಇಲ್ಲವಾಗುವುದು ಲೋಕರೂಢಿ. ಚೀಟಿ ಕೊಡುವ ಕಿಂಡಿ ಮುಚ್ಚುತ್ತದೆ, ಹೆಂಚು ಜಾರುತ್ತದೆ, ಜಾರಿದ ಕಡೆ ಮಳೆ ಇಳಿಯುತ್ತದೆ. ಒಂದು ಮಳೆಗಾಲದಲ್ಲಿ ತೊಲೆ ನೆನೆದು ಮರುವರ್ಷ ಗೆದ್ದಲಿಗೆ ಊಟವಾಗುತ್ತದೆ. ಹೆಚ್ಚಿನ ಕಡೆ ಕಥೆ ಅಲ್ಲಿಗೇ ಮುಗಿಯುತ್ತದೆ. ಇಲ್ಲಿ ಮುಗಿಯಲಿಲ್ಲ. ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕವು ನೈಋತ್ಯ ರೈಲ್ವೆಯೊಡನೆ ಒಪ್ಪಂದ ಮಾಡಿಕೊಂಡು 2020ರ ನಂತರದ ವರ್ಷಗಳಲ್ಲಿ ದೊಡ್ಡಜಾಲ, ದೇವನಹಳ್ಳಿ, ಅವತಿಹಳ್ಳಿ, ನಂದಿ ಎಂಬ ಈ ನಾಲ್ಕು ಹಳೆಯ ನಿಲ್ದಾಣಗಳ ಸಂರಕ್ಷಣೆಗೆ ಕೈಹಾಕಿತು. ಕಟ್ಟಡಗಳನ್ನು ಗಟ್ಟಿಗೊಳಿಸಿ, ಕಲೆ-ಸಂಸ್ಕೃತಿಯ ಕೆಲಸಗಳಿಗೂ ಸುತ್ತಲಿನ ಜನರ ಬಳಕೆಗೂ ಒದಗಿಸಬೇಕೆಂಬುದು ಅದರ ಸಂಕಲ್ಪ.

ಇಳಿಜಾರಾದ ಹಂಚಿನ ಮಾಡು, ಬಿಸಿಲನ್ನು ಒಳಗೆ ಬಿಡದ ದಪ್ಪ ಗೋಡೆ, ಅಳತೆ ಮೀರದ ಪುಟ್ಟ ಕೋಣೆಗಳು. ನಂದಿಯ ನಿಲ್ದಾಣ ದೊಡ್ಡ ಕಟ್ಟಡವೇನಲ್ಲ. ಸಿರಿವಂತ ರೈತನೊಬ್ಬನ ಮನೆ ಇದಕ್ಕಿಂತ ವಿಸ್ತಾರವಾಗಿದ್ದೀತು. ಆದರೆ ಹತ್ತಿರ ನಿಂತು ನೋಡಿದರೆ ದುರಸ್ತಿ ಮಾಡಿದವರ ತಾಳ್ಮೆ ತಿಳಿಯುತ್ತದೆ. ಹಳೆಯ ಗೋಡೆಗೆ ಸಿಮೆಂಟು ಬಳಿದು ‘ಹೊಸದು’ ಮಾಡುವುದು ಸುಲಭ. ಆದರೆ ಸುಣ್ಣದ ಗಾರೆಯ ಗೋಡೆ ಉಸಿರಾಡುತ್ತದೆ. ನೆಲದಿಂದ ಏರಿದ ತೇವವನ್ನು ಹೊರಗೆ ಬಿಟ್ಟುಬಿಡುತ್ತದೆ. ಅದರ ಮೇಲೆ ಸಿಮೆಂಟಿನ ಕವಚ ತೊಡಿಸಿದರೆ ತೇವ ಒಳಗೇ ಸಿಕ್ಕಿಬಿದ್ದು ಗೋಡೆಯನ್ನು ಒಳಗಿನಿಂದಲೇ ತಿನ್ನುತ್ತದೆ. ಹೊರಗೆ ನುಣುಪು, ಒಳಗೆ ಪುಡಿ. ಆದ್ದರಿಂದಲೇ ಸಂರಕ್ಷಣೆ ಬಲ್ಲವರು ಸುಣ್ಣಕ್ಕೆ ಹಿಂದಿರುಗುತ್ತಾರೆ. ನಮ್ಮ ಅಜ್ಜಂದಿರು ಸುಣ್ಣ-ಮರಳನ್ನು ಗಾರೆಯ ಗಾಣದಲ್ಲಿ ಅರೆಯಿಸಿ, ಬೆಲ್ಲದ ನೀರೂ ಅಳಲೆಕಾಯಿಯ ರಸವೂ ಬೆರೆಸಿ, ದಿನಗಟ್ಟಲೆ ಕಳಿಯಲು ಬಿಡುತ್ತಿದ್ದರು. ಅವಸರದ ಗುತ್ತಿಗೆದಾರನಿಗೆ ಇದು ಒಗ್ಗುವ ವಿದ್ಯೆಯಲ್ಲ.

ಹೆಂಚಿನ ವಿಚಾರವೂ ಹೀಗೆಯೇ. ನಾವು ಮಂಗಳೂರು ಹೆಂಚೆನ್ನುವುದನ್ನು ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ತಯಾರಿಸಲಾರಂಭಿಸಿದರು. ಮೂರೇ ವರ್ಷಗಳಲ್ಲಿ, 1868ರಲ್ಲಿ, ಮಂಗಳೂರಿನ ಕಥೋಲಿಕರಾದ ಆಲ್ಬುಕರ್ಕ್ ಮನೆತನದವರು ತಮ್ಮದೇ ಕಾರ್ಖಾನೆ ತೆರೆದರು. ನೇತ್ರಾವತಿಯ ಜೇಡಿಮಣ್ಣು ಯಂತ್ರದ ಅಚ್ಚಿನಲ್ಲಿ ಹಂಚಾಗಿ ಹಡಗು ಹತ್ತಿ, ರೈಲು ಹತ್ತಿ ದೇಶದೇಶದ ಮಾಡುಗಳನ್ನು ಸೇರಿತು. ಹಳೆಯ ಹೆಂಚೊಂದನ್ನು ಕೈಗೆತ್ತಿಕೊಂಡು ಬೆನ್ನು ತಿರುಗಿಸಿದರೆ ಕಾರ್ಖಾನೆಯ ಹೆಸರು, ಕೆಲವದರಲ್ಲಿ ಇಸವಿ ಕೂಡ ಎದ್ದು ಕಾಣುತ್ತದೆ. ಓದುಗರು ತಮ್ಮೂರಿನ ಹಳೆಯ ದೇವಾಲಯದ ಅಟ್ಟಕ್ಕೆ ಹತ್ತಿ ಒಮ್ಮೆ ನೋಡಬೇಕು.

ಇದನ್ನು ಬರೆಯುವಾಗ ನಮಗೆ ಸಂಕೋಚವಿದೆ. ನಮ್ಮ ಧರ್ಮಕೇಂದ್ರದಲ್ಲಿಯೇ ಹಂಚಿನ ಮಾಡಿನ ಹಳೆಯ ಶಾಲಾ ಕಟ್ಟಡವೊಂದಿತ್ತು. ಮಾಡು ಒಂದೆರಡು ಕಡೆ ಸೋರುತ್ತಿತ್ತು. ಪಾಲನಾ ಸಮಿತಿಯ ಸಭೆಯಲ್ಲಿ ಕೆಡವಿ ಹೊಸ ಸಭಾಭವನ ಕಟ್ಟುವ ಮಾತು ಬಂದಾಗ ಕೈಯೆತ್ತಿದವರಲ್ಲಿ ನಾವೂ ಒಬ್ಬರು. ಒಂದು ವಾರದಲ್ಲಿ ಅದು ನೆಲಸಮವಾಯಿತು. ತೊಲೆಗಳನ್ನು ಸೌದೆಯ ಬೆಲೆಗೆ ಯಾರೋ ಕೊಂಡೊಯ್ದರು. ಸೋರುವ ಕಡೆ ಎಷ್ಟು ಹೆಂಚು ಹಾಕಬೇಕು, ಎಷ್ಟು ಖರ್ಚಾದೀತು ಎಂದು ಲೆಕ್ಕ ಕೇಳಿದವರು ಒಬ್ಬರೂ ಇರಲಿಲ್ಲ. ಹೊಸ ಭವನದಲ್ಲಿ ಬೇಸಿಗೆಯ ಮಧ್ಯಾಹ್ನ ಕುಳಿತಾಗಲೆಲ್ಲ ಹಳೆಯ ಶಾಲೆಯ ತಂಪು ನೆನಪಾಗುವುದುಂಟು. ನಂದಿಯ ಜಗಲಿಯ ನೆರಳಿನಲ್ಲಿ ನಿಂತಾಗ ಆ ನೆನಪು ಮತ್ತೆ ಬಂತು.

ಆದರೂ ದುರಸ್ತಿಯೊಂದೇ ಸಾಲದೆಂಬುದು ಅಲ್ಲಿಯೇ ನಮಗೆ ಹೊಳೆದ ಮಾತು. ನಾವು ಹೋದ ಮಧ್ಯಾಹ್ನ ಅಲ್ಲಿ ಯಾವ ಕಾರ್ಯಕ್ರಮವೂ ಇರಲಿಲ್ಲ. ಹಳ್ಳಿಯ ಇಬ್ಬರು ಮಕ್ಕಳು ಮರದ ಕೆಳಗೆ ಗೋಲಿಯಾಡುತ್ತಿದ್ದರು. ಗುಣವಾದ ರೋಗಿ ಹಾಸಿಗೆಯಲ್ಲಿಯೇ ಮಲಗಿದ್ದರೆ ಮತ್ತೆ ಕಾಯಿಲೆ ಬೀಳುತ್ತಾನೆ, ಕಟ್ಟಡವೂ ಹಾಗೆ. ದಿನಾ ಬಾಗಿಲು ತೆರೆದು, ಕಸ ಗುಡಿಸಿ, ದೀಪ ಹಚ್ಚುವವರಿಲ್ಲದಿದ್ದರೆ ಸುಣ್ಣ ಎಷ್ಟು ಹೊತ್ತು ಕಾದೀತು?

ಶಿವಮೊಗ್ಗ ಜಿಲ್ಲೆಯ ಅರಸಾಳಿನ ಉದಾಹರಣೆ ಆಗ ಮಾತಿಗೆ ಬಂತು. ಆರ್.ಕೆ. ನಾರಾಯಣರ ಕಥೆಗಳನ್ನು ಶಂಕರನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಯಾಗಿ ದೂರದರ್ಶನಕ್ಕೆ ತಂದಾಗ ಅರಸಾಳಿನ ನಿಲ್ದಾಣವೇ ಮಾಲ್ಗುಡಿಯ ನಿಲ್ದಾಣವಾಯಿತು. ಮೀಟರ್ ಹಳಿ ಹೋದ ಮೇಲೆ ಪಾಳುಬಿದ್ದಿದ್ದ ಆ ಹಳೆಯ ಕಟ್ಟಡವನ್ನು ರೈಲ್ವೆಯವರು ಕಲಾವಿದ ಜಾನ್ ದೇವರಾಜ್ ಅವರ ನೆರವಿನಿಂದ ದುರಸ್ತಿಗೊಳಿಸಿ 2020ರಲ್ಲಿ ‘ಮಾಲ್ಗುಡಿ ಮ್ಯೂಸಿಯಂ’ ಆಗಿ ತೆರೆದರು. ಹಳೆಯ ರೈಲು ಡಬ್ಬಿಯೊಂದು ಅಲ್ಲಿ ಚಹಾದಂಗಡಿಯಾಯಿತು. ಜನ ಹುಡುಕಿಕೊಂಡು ಹೋಗುತ್ತಾರೆ. ಆದರೆ ಅರಸಾಳಿಗೆ ಸ್ವಾಮಿ ಮತ್ತು ಅವನ ಗೆಳೆಯರಿದ್ದಾರೆ. ನಂದಿಯ ನಿಲ್ದಾಣಕ್ಕೆ ಅಂಥ ಕಥೆಗಾರರು ಸಿಕ್ಕಿಲ್ಲ.

ಸಿಕ್ಕದಿದ್ದರೂ ನಷ್ಟವಿಲ್ಲವೆಂದು ನಮ್ಮ ಹಿರಿಯರು ವಾದಿಸಿದರು. 1927ರಲ್ಲಿ ದೇಹಾಲಸ್ಯಕ್ಕೊಳಗಾದ ಮಹಾತ್ಮ ಗಾಂಧಿಯವರು ವಿಶ್ರಾಂತಿಗೆ ಬಂದದ್ದು ಈ ಬೆಟ್ಟಕ್ಕೆ. 1936ರಲ್ಲಿ ಮತ್ತೊಮ್ಮೆ ಬಂದರು. ಕೂಗಳತೆಯಲ್ಲೆನ್ನಬಹುದಾದಷ್ಟು ಸಮೀಪದಲ್ಲಿ ಭೋಗನಂದೀಶ್ವರನ ಗುಡಿ, ಆಚೆಗೆ ಮುದ್ದೇನಹಳ್ಳಿ. ಬೆಳಿಗ್ಗೆ ನಾವು ನೋಡಿಬಂದ ವಿದುರಾಶ್ವತ್ಥ ಇದೇ ಜಿಲ್ಲೆಯದು. ಇವೆಲ್ಲದರ ಚಿತ್ರ, ನಕ್ಷೆ, ಹಳೆಯ ರೈಲಿನ ಚೀಟಿ, ಲಾಂದ್ರಗಳನ್ನು ಒಂದು ಕೋಣೆಯಲ್ಲಿಟ್ಟು, ಇನ್ನೊಂದರಲ್ಲಿ ಹಳ್ಳಿಯ ಮಕ್ಕಳಿಗೆ ಸಂಜೆಯ ವಾಚನಾಲಯ ನಡೆಸಿದರೆ ಸಾಕೆಂಬುದು ಅವರ ಯೋಜನೆ. ಮ್ಯೂಸಿಯಂ ಬೆಂಗಳೂರಿನವರಿಗೆ, ವಾಚನಾಲಯ ಊರಿನವರಿಗೆ. ನಮಗೆ ಎರಡನೆಯ ಕೋಣೆಯೇ ಮುಖ್ಯವೆನಿಸಿತು. ದೂರದಿಂದ ಬಂದವರು ಒಮ್ಮೆ ನೋಡಿ ಹೋಗುತ್ತಾರೆ. ಬೀಗದ ಕೈ ಎಲ್ಲಿದೆಯೆಂದು ದಿನವೂ ಕೇಳುವವರು ಊರಿನ ಮಕ್ಕಳು.

ಜನಕ್ಕಂತೂ ಕೊರತೆಯಾಗದು. 2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನಿಂದ ದೇವನಹಳ್ಳಿಯವರೆಗಿದ್ದ ಮೆಮು ರೈಲನ್ನು ಚಿಕ್ಕಬಳ್ಳಾಪುರಕ್ಕೆ ವಿಸ್ತರಿಸಲಾಯಿತು. ಅಂದಿನಿಂದ ಬೆಟ್ಟದ ಪ್ರವಾಸಿಗರಿಗೆ ಕಾರಿನ ಸಾಲುಗಳ ಹಂಗಿಲ್ಲದ ದಾರಿಯೊಂದು ತೆರೆದಿದೆ.

ನಮ್ಮ ಬಾಡಿಗೆಯ ಬಸ್ಸು ರಸ್ತೆಯಲ್ಲಿ ಕಾಯುತ್ತಿತ್ತು. ಹಿರಿಯರು ಅದನ್ನು ಹತ್ತಲು ಒಪ್ಪಲಿಲ್ಲ. ರೈಲಿನಲ್ಲಿಯೇ ಬರುತ್ತೇನೆಂದು ಹಟ ಹಿಡಿದರು. ಎಂಬತ್ತು ದಾಟಿದವರನ್ನು ಒಬ್ಬರೇ ಬಿಡುವಂತಿರಲಿಲ್ಲವಾಗಿ ನಾವಿಬ್ಬರು ಜೊತೆಗೆ ಉಳಿದೆವು. ಬಿಸಿಲು ಇಳಿದು ಬೆಟ್ಟದ ನೆರಳು ಹಳಿಗಳವರೆಗೆ ಚಾಚಿತ್ತು. ಗೋಲಿಯಾಡುತ್ತಿದ್ದ ಹುಡುಗರಲ್ಲಿ ಒಬ್ಬ ಬಂದು, ಈ ಮನೆಯೊಳಗೆ ಏನಿದೆ ತಾತ ಎಂದು ಅವರನ್ನು ಕೇಳಿದ. ರೈಲು ಬರಲು ಇನ್ನೂ ವೇಳೆಯಿತ್ತು. ಹಿರಿಯರು ಜಗಲಿಯ ಮೇಲೆ ಕುಳಿತು, ಅವನನ್ನು ಪಕ್ಕಕ್ಕೆ ಕರೆದು, ಸಣ್ಣ ರೈಲಿನ ಕಥೆಯನ್ನು ಮೊದಲಿನಿಂದ ಆರಂಭಿಸಿದರು.