ಪಿಕಪ್ ವಾಹನಕ್ಕೆ ಡೀಸೆಲ್ ಇಂಜಿನೋ, ಗ್ಯಾಸ್ ಇಂಜಿನೋ?

ಬೆಳೆದ ಮಾಲನ್ನು ಮಂಡಿಗೆ ಸಾಗಿಸಲು ಪಿಕಪ್ ವಾಹನವನ್ನು ಕೊಳ್ಳಬಯಸುವ ಜಮೀನುದಾರರು, ಇಂಜಿನು ಡೀಸೆಲಿನದೋ ಗ್ಯಾಸಿನದೋ ಎಂಬುದನ್ನು ಸಾಲಪತ್ರಕ್ಕೆ ರುಜು ಹಾಕುವ ಮೊದಲೇ ನಿಶ್ಚಯಿಸತಕ್ಕದ್ದು.

ಡೀಸೆಲ್ ಇಂಜಿನಿನಲ್ಲಿ ಗಾಳಿಯನ್ನು ಸುಮಾರು 16ರಲ್ಲಿ 1 ಪಾಲಿನಷ್ಟು ಗಾತ್ರಕ್ಕೆ ಒತ್ತಿದಾಗ ಹುಟ್ಟುವ ಶಾಖದಿಂದಲೇ ಎಣ್ಣೆಯು ಉರಿಯುತ್ತದೆ. ನಿಧಾನವಾಗಿ ನಡೆಯುವಾಗಲೂ ಎಳೆಯುವ ಶಕ್ತಿ ಅಧಿಕ. ಆದಕಾರಣ ತುಂಬಿದ ಹೊರೆಯೊಡನೆ ಘಟ್ಟ ಹತ್ತುವವರಿಗೆ ಇದೇ ಯೋಗ್ಯ. ಆದರೆ 2020ನೆಯ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಭಾರತ್ ಸ್ಟೇಜ್ 6 ನಿಯಮಕ್ಕೆ ಒಳಪಟ್ಟ ಡೀಸೆಲ್ ವಾಹನಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಫಿಲ್ಟರ್ ಇರುತ್ತದೆ. ನಿತ್ಯವೂ ಎರಡು ಮೂರು ಕಿಲೋಮೀಟರು ಮಾತ್ರ ಓಡಿಸಿ ನಿಲ್ಲಿಸಿದರೆ ಅದು ಸಾಕಷ್ಟು ಕಾಯದೆ, ಮಸಿ ಸುಡದೆ, ಕಟ್ಟಿಕೊಳ್ಳುವುದು.

ಸಿ.ಎನ್.ಜಿ. ಗ್ಯಾಸು ಕಿಡಿಯಿಂದ ಉರಿಯತಕ್ಕದ್ದು, ಮಸಿ ಅತ್ಯಲ್ಪ. ಆದರೆ ಸುಮಾರು 200 ಬಾರ್ ಒತ್ತಡವನ್ನು ತಡೆಯಬೇಕಾದ ಸಿಲಿಂಡರುಗಳು ಭಾರವಾದುವು; ಅಷ್ಟು ಮಾಲನ್ನು ಕಡಿಮೆ ಹೇರಬೇಕಾಗುವುದು. ಮೂರು ವರ್ಷಕ್ಕೊಮ್ಮೆ ಅವುಗಳ ಪರೀಕ್ಷೆಯನ್ನೂ ಮಾಡಿಸಬೇಕು. ಗ್ಯಾಸು ತುಂಬುವ ಬಂಕು ದೂರವಿದ್ದರೆ ಉಳಿತಾಯವು ಹಾದಿಯಲ್ಲಿಯೇ ಕರಗುವುದು.

ಇನ್ನು ಲೆಕ್ಕದ ಮಾತು. ಒಂದು ವಾಹನದ ಬೆಲೆಯು ಮತ್ತೊಂದಕ್ಕಿಂತ 60,000 ರೂಪಾಯಿ ಹೆಚ್ಚಾಗಿದ್ದು, ಅದರಿಂದ ಕಿಲೋಮೀಟರಿಗೆ 2 ರೂಪಾಯಿ ಉಳಿಯುವುದೆಂದು ಭಾವಿಸೋಣ. 30,000 ಕಿಲೋಮೀಟರು ಓಡಿದ ಮೇಲೆಯೇ ಆ ಹೆಚ್ಚಿನ ಹಣ ಮರಳುವುದು. ದಿನವೂ 100 ಕಿಲೋಮೀಟರು ಓಡಿಸುವವರಿಗೆ ಇದಕ್ಕೆ 300 ದಿವಸ ಸಾಕು. ವಾರಕ್ಕೊಮ್ಮೆ ಮಾತ್ರ ಅಷ್ಟು ದೂರದ ಸಂತೆಗೆ ಹೋಗುವವರಿಗೆ ಸುಮಾರು ಆರು ವರ್ಷ ಹಿಡಿಯುವುದು.

ನೆರೆಯವರು ಕೊಂಡರೆಂದು ಕೊಳ್ಳತಕ್ಕದ್ದಲ್ಲ. ಹೊರೆ, ಹಾದಿ, ಬಂಕಿನ ದೂರ, ವರ್ಷದ ಓಟ, ಈ ನಾಲ್ಕನ್ನೂ ಬರೆದಿಟ್ಟು ನೋಡಿದರೆ ಯಾವ ಇಂಜಿನು ತಮಗೆ ತಕ್ಕುದೆಂಬುದು ತಾನಾಗಿ ತಿಳಿಯುವುದು. ಗ್ರಾಮದ ಮುಖಂಡರು ಈ ಲೆಕ್ಕವನ್ನು ಸಣ್ಣ ಹಿಡುವಳಿದಾರರಿಗೂ ತಿಳಿಯಹೇಳಿದರೆ ಬಹಳ ಉಪಕಾರವಾಗುವುದು.