ಹದಿನೆಂಟು ತುಂಬುವುದರೊಳಗೆ

"ನಾನು ಕಣ್ಣು ಮುಚ್ಚಿದ ಮೇಲೆ ಇವನ ಗತಿಯೇನು?"

ಮುಂಬಯಿಯ ಹೋಟೆಲೊಂದರ ಗಲ್ಲದ ಮೇಲೆ ಮೂವತ್ತು ವರ್ಷ ಕುಳಿತ ಹಿರಿಯರೊಬ್ಬರು ನಮ್ಮೊಡನೆ ಆಡಿದ ಮಾತಿದು. ಅವರ ಮಗನಿಗೆ ಹದಿನೇಳು ವರ್ಷ. ಮೀಸೆ ಮೂಡಿದೆ, ಆದರೆ ಅಂಗಿಯ ಗುಂಡಿಯನ್ನು ಇಂದಿಗೂ ತಾಯಿಯೇ ಹಾಕಬೇಕು. ಹುಡುಗನ ಶಾಲೆ ಬರುವ ವರ್ಷಕ್ಕೆ ಮುಗಿಯುತ್ತದೆ. ಆ ಮೇಲೇನೆಂಬುದು ತಂದೆಗೂ ತಿಳಿಯದು, ತಾಯಿಗೂ ತಿಳಿಯದು. ಇಂಥ ತಂದೆತಾಯಿಗಳು ನಮ್ಮ ನಡುವೆ ಒಬ್ಬಿಬ್ಬರಲ್ಲ. ಅವರ ಸಂಕಟ ಸಂಘದ ಸಭೆಗಳಲ್ಲಿ ಕೇಳಿಬರುವುದಿಲ್ಲ. ಮದುವೆ ಮುಂಜಿಗಳಲ್ಲಿ ಆ ಮಕ್ಕಳು ಕಾಣಿಸಿಕೊಳ್ಳುವುದೂ ಅಪರೂಪ.

ಊರಿನಲ್ಲಾದರೆ ಮಾತು ಬೇರೆ. ಅಲ್ಲಿ ಅಂಗಳವಿದೆ, ಹಟ್ಟಿಯಿದೆ, ಅಜ್ಜಿ ದೊಡ್ಡಮ್ಮಂದಿರಿದ್ದಾರೆ. ನಿಧಾನ ಬುದ್ಧಿಯ ಹುಡುಗನೂ ದನ ಕಟ್ಟುತ್ತಾನೆ, ಬಿದ್ದ ಅಡಕೆ ಹೆಕ್ಕುತ್ತಾನೆ. ಅವನಿಗೆ ಸಂಬಳವಿಲ್ಲದಿರಬಹುದು, ಸ್ಥಾನವಂತೂ ಉಂಟು. ಪರಊರಿನ ಚಾಳಿನ ಒಂದೇ ಕೋಣೆಯಲ್ಲಿ ಆ ಸ್ಥಾನವನ್ನು ನಾವೇ ಕಟ್ಟಿಕೊಡಬೇಕು. ಅದಕ್ಕೆ ಹದಿನೆಂಟನೆಯ ವರ್ಷದಲ್ಲಿ ಎಚ್ಚತ್ತರೆ ಸಾಲದು. ಹನ್ನೆರಡರಲ್ಲಿ, ಹದಿಮೂರರಲ್ಲಿ ಕೈ ಹಾಕಬೇಕು. ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಇಷ್ಟೇ.

ಯಾರು ಈ ಮಕ್ಕಳು?

ಎಲ್ಲರನ್ನೂ ಒಂದೇ ಹೆಸರಿನಿಂದ ಕರೆಯುವುದು ಮೊದಲ ತಪ್ಪು. 1995ರ ಕಾಯಿದೆ ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿದ್ದರೆ, 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ಇಪ್ಪತ್ತೊಂದನ್ನು ಗುರುತಿಸಿದೆ. ಬೌದ್ಧಿಕ ವೈಕಲ್ಯವುಳ್ಳ ಮಗು ಎಲ್ಲವನ್ನೂ ನಿಧಾನವಾಗಿ ಕಲಿಯುತ್ತದೆ. ಆಟಿಸಂ ಇರುವ ಮಗುವಿಗೆ ಜನರೊಡನೆ ಬೆರೆಯುವುದು ಕಷ್ಟ. ಗದ್ದಲ, ಆಕಸ್ಮಿಕ ಬದಲಾವಣೆ ಸಹಿಸದು. ಮಿದುಳಿನ ಪಾರ್ಶ್ವವಾಯುವಿನಲ್ಲಿ ಕೈಕಾಲು ಹಿಡಿತಕ್ಕೆ ಸಿಗದಿದ್ದರೂ ಬುದ್ಧಿ ಚುರುಕಾಗಿರಬಹುದು. ಕಲಿಕೆಯ ನಿರ್ದಿಷ್ಟ ತೊಡಕಿರುವ ಹುಡುಗನಿಗೆ ಅಕ್ಷರ ಅಥವಾ ಲೆಕ್ಕ ಮಾತ್ರ ಒಗ್ಗದು. ಉಳಿದುದರಲ್ಲಿ ಅವನು ನಮ್ಮ ನಿಮ್ಮಂತೆಯೇ. ನಾಲ್ವರಿಗೂ ದಾರಿ ಬೇರೆ ಬೇರೆ.

ನಿಗದಿತ ಪ್ರಮಾಣದ, ಅಂದರೆ ಶೇಕಡಾ 40ಕ್ಕೆ ಕಡಮೆಯಿಲ್ಲದ ವೈಕಲ್ಯವುಳ್ಳ ಮಗುವಿಗೆ ಆರರಿಂದ ಹದಿನೆಂಟರವರೆಗೆ ಉಚಿತ ಶಿಕ್ಷಣ ಪಡೆಯುವ ಹಕ್ಕನ್ನು ಇದೇ ಅಧಿನಿಯಮ ಕೊಟ್ಟಿದೆ. ಹದಿನೆಂಟಕ್ಕೆ ಆ ಹಕ್ಕಿನ ಗಡಿ ಮುಗಿಯುತ್ತದೆ. ಅಷ್ಟರವರೆಗೆ ಬೆಳಗ್ಗೆ ಹೊರಟು ಸಂಜೆ ಬರುತ್ತಿದ್ದ ಹುಡುಗ ಅಂದಿನಿಂದ ಕಿಟಕಿಯ ಬಳಿ ಕುಳಿತುಬಿಡುತ್ತಾನೆ. ಕಲಿತದ್ದೂ ಒಂದೊಂದಾಗಿ ಮರೆತುಹೋಗುತ್ತದೆ.

ಹೋಟೆಲಿನ ಪಾಠಕ್ರಮ

ಕಲಿಸುವ ಬಗೆ ನಮ್ಮವರಿಗೆ ಹೊಸತಲ್ಲ. ಊರಿಂದ ಬಂದ ಮಾಣಿಯನ್ನು ಯಾವ ಹೋಟೆಲಿನಲ್ಲೂ ಮೊದಲ ದಿನವೇ ಗಲ್ಲಕ್ಕೆ ಕೂರಿಸಿದ್ದಿಲ್ಲ. ಮೊದಲು ಲೋಟ ತೊಳೆಯುವುದು, ಬಳಿಕ ಮೇಜು ಒರೆಸುವುದು, ಬಳಿಕ ನೀರು ಇಡುವುದು, ಆ ಮೇಲೆ ತಟ್ಟೆ ಹಿಡಿಯುವುದು. ಹಗಲು ದುಡಿದು ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಎಷ್ಟೋ ಮಂದಿ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಬಂದವರು. ವಿಶೇಷ ಶಿಕ್ಷಣದ ಸಾರವೂ ಇದೇ: ದೊಡ್ಡ ಕೆಲಸವನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಒಡೆಯುವುದು, ಒಂದೊಂದನ್ನೇ ಕೈಹಿಡಿದು ಮಾಡಿಸುವುದು, ಕ್ರಮೇಣ ಕೈ ಬಿಡುವುದು.

ಇದರಲ್ಲೊಂದು ಜಾಣತನವಿದೆ. ಕೆಲವೊಮ್ಮೆ ಕೊನೆಯ ಹೆಜ್ಜೆಯನ್ನೇ ಮೊದಲು ಕಲಿಸುತ್ತಾರೆ. ಗುಂಡಿಯನ್ನು ಮುಕ್ಕಾಲು ಭಾಗ ತೂರಿಸಿ ತಾಯಿ ನಿಲ್ಲಿಸಬೇಕು. ಉಳಿದ ಕಾಲು ಭಾಗವನ್ನು ಹುಡುಗ ಎಳೆಯಬೇಕು. ಕೆಲಸ ಮುಗಿಸಿದ ಸಂತೋಷ ಅವನದಾಗುತ್ತದೆ. ನಾಳೆ ಅರ್ಧ, ನಾಡಿದ್ದು ಪೂರ್ತಿ. ಇದಕ್ಕೆ ಬೇಕಾದುದು ಔಷಧವಲ್ಲ, ತಾಳ್ಮೆ. ಅವಸರದಲ್ಲಿ ನಾವೇ ಮಾಡಿಕೊಟ್ಟ ಪ್ರತಿಯೊಂದು ಕೆಲಸವೂ ಅವನಿಂದ ನಾವು ಕಸಿದುಕೊಂಡ ಒಂದು ಪಾಠವೆಂದು ತಿಳಿಯಬೇಕು.

ಹದಿನೆಂಟರೊಳಗೆ ಮೂರು ವಿಷಯಗಳು ಕೈವಶವಾದರೆ ಅರ್ಧ ಭಾರ ಇಳಿದಂತೆ. ಮೊದಲನೆಯದು ಮೈ: ಸ್ನಾನ, ಕ್ಷೌರ, ಹೆಣ್ಣುಮಕ್ಕಳಿಗೆ ಮುಟ್ಟಿನ ದಿನಗಳ ಶೌಚ, ಜೊತೆಗೆ ತನ್ನ ಮೈಯನ್ನು ಪರರು ಮುಟ್ಟಬಾರದೆಂಬ ಅರಿವು. ನಾಚಿಕೆಯಿಂದ ಇದನ್ನು ಹೇಳದೆ ಬಿಟ್ಟ ಮನೆಗಳಲ್ಲೇ ಅನಾಹುತಕ್ಕೆ ದಾರಿ ಹೆಚ್ಚು. ಎರಡನೆಯದು ಹಣ: ನೋಟನ್ನು ಬಣ್ಣದಿಂದ ಗುರುತಿಸಿ ಅಂಗಡಿಗೆ ಹೋಗಿ ಬರುವುದು. ಮೂರನೆಯದು ಹಾದಿ: ಮೊದಲು ಜೊತೆಯಲ್ಲಿ, ಬಳಿಕ ಹತ್ತು ಹೆಜ್ಜೆ ಹಿಂದೆ, ಆ ಮೇಲೆ ಬಸ್ಸಿನ ನಿಲ್ದಾಣದಲ್ಲಿ ಕಾದು ನಿಂತು ಕಲಿಸುವುದು.

ಎರಡು ಮಾತುಗಳನ್ನು ಇಲ್ಲಿ ಸೇರಿಸಬೇಕು. ಮನೆಯ ಕನ್ನಡವನ್ನೋ ತುಳುವನ್ನೋ ಬಿಟ್ಟು ಶಾಲೆಯ ಭಾಷೆಯೊಂದನ್ನೇ ಆಡಿರೆಂದು ಹಲವರು ಉಪದೇಶಿಸುತ್ತಾರೆ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಇಂಥ ಮಕ್ಕಳಿಗೆ ಹಾನಿಯಿಲ್ಲವೆಂಬುದು ಸಂಶೋಧನೆಗಳಲ್ಲಿ ಕಂಡುಬಂದಿದೆ. ತಾಯಿಯ ಮಾತನ್ನು ಕಸಿದರೆ ಮಗು ಅಜ್ಜಿಯಿಂದಲೂ ಊರಿನಿಂದಲೂ ದೂರವಾಗುತ್ತದೆ, ಅಷ್ಟೇ. ಇನ್ನೊಂದು ಉಪದೇಶ ಇದಕ್ಕಿಂತ ಕ್ರೂರವಾದುದು: "ಮದುವೆ ಮಾಡಿ, ಎಲ್ಲ ಸರಿಹೋಗುತ್ತದೆ." ಮದುವೆ ಚಿಕಿತ್ಸೆಯಲ್ಲ. ವಿಷಯ ಮುಚ್ಚಿಟ್ಟು ಮಾಡಿದ ಮದುವೆಯಿಂದ ಎರಡು ಜೀವಗಳು ಬೇಯುತ್ತವೆ.

ಕಾಗದಪತ್ರಗಳ ಮಾತು

ಗುಮಾಸ್ತ ಬಾಂಧವರಿಗೆ ಕಾಗದದ ಬೆಲೆಯನ್ನು ನಾವು ತಿಳಿಸಬೇಕಾಗಿಲ್ಲ. ವೈಕಲ್ಯದ ಪ್ರಮಾಣಪತ್ರವಿಲ್ಲದೆ ಯಾವ ಸೌಲಭ್ಯವೂ ಇಲ್ಲ. ಮುಂಬಯಿಯಲ್ಲಿ ಪಡೆದುದು ಮಂಗಳೂರಿನಲ್ಲಿ ನಡೆಯುವುದೇ ಎಂದು ಅನೇಕರು ಅಳುಕುತ್ತಾರೆ. ನಡೆಯುತ್ತದೆ, 2016ರ ಅಧಿನಿಯಮದಂತೆ ಈ ಪ್ರಮಾಣಪತ್ರ ದೇಶವಿಡೀ ಮಾನ್ಯ.

ಹದಿನೆಂಟು ತುಂಬಿದ ದಿನದಿಂದ ಕಾನೂನಿನ ಕಣ್ಣಿಗೆ ಮಗ ವಯಸ್ಕ. ಅಂದಿನಿಂದ ತಂದೆ ತಾನಾಗಿಯೇ ಪೋಷಕನಲ್ಲ. ಬ್ಯಾಂಕಿನಲ್ಲಿ ಅವನ ಪರವಾಗಿ ಹಾಕುವ ಸಹಿಗೆ ಬೆಲೆಯಿಲ್ಲ. ಆಟಿಸಂ, ಮಿದುಳಿನ ಪಾರ್ಶ್ವವಾಯು, ಬೌದ್ಧಿಕ ವೈಕಲ್ಯ ಹಾಗೂ ಬಹುವೈಕಲ್ಯವುಳ್ಳವರಿಗೆ ಕಾನೂನುಸಮ್ಮತ ಪೋಷಕರನ್ನು ನೇಮಿಸಲು 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಸ್ಥಳೀಯ ಸಮಿತಿಗಳನ್ನು ಏರ್ಪಡಿಸಿದೆ. ಇದೇ ನ್ಯಾಸದ ನಿರಾಮಯ ಆರೋಗ್ಯ ವಿಮೆ ಒಂದು ಲಕ್ಷ ರೂಪಾಯಿಯವರೆಗಿನದು. ಪೋಷಕನೆಂದರೆ ಒಡೆಯನಲ್ಲ, ಅವನ ಇಷ್ಟವನ್ನು ಕೇಳಿ ನಡೆಯತಕ್ಕವನು.

ದುಡಿಯುವ ತಂದೆ ಇನ್ನೊಂದನ್ನೂ ನೋಡಿಕೊಳ್ಳಬೇಕು. ದುಡಿದು ಬದುಕಲಾರದ ವಿಕಲಚೇತನ ಮಕ್ಕಳಿಗೆ ಕೇಂದ್ರ ಸರಕಾರಿ ನೌಕರರ ಕುಟುಂಬ ಪಿಂಚಣಿ ಜೀವಮಾನವಿಡೀ ಸಲ್ಲಬಹುದು. ಭವಿಷ್ಯನಿಧಿಯ 1995ರ ಪಿಂಚಣಿ ಯೋಜನೆಯಲ್ಲೂ, ಶಾಶ್ವತವಾಗಿ ಪೂರ್ಣ ಅಶಕ್ತರಾದ ಮಕ್ಕಳಿಗೆ ವಯಸ್ಸಿನ ಮಿತಿಯಿಲ್ಲ. ನಿಮ್ಮ ಹೋಟೆಲು ಅಥವಾ ಕಂಪನಿ ಭವಿಷ್ಯನಿಧಿ ಕಟ್ಟುತ್ತಿದ್ದರೆ ಮಗನ ಹೆಸರು ದಾಖಲೆಯಲ್ಲಿದೆಯೇ ಎಂದು ಇಂದೇ ಕೇಳಿರಿ.

ಕೆಲಸ ಕೊಡುವವರು ಯಾರು?

1944ರಲ್ಲಿ ವಕೀಲ್ ದಂಪತಿಗಳು ಡೌನ್ ಸಿಂಡ್ರೋಮ್ ಇದ್ದ ತಮ್ಮ ಮಗಳಿಗಾಗಿ ಆರಂಭಿಸಿದ ಶಾಲೆ, ಇಂದು ಮುಂಬಯಿಯ ಸೆವ್ರಿಯಲ್ಲಿ ಜೈ ವಕೀಲ್ ಸಂಸ್ಥೆಯಾಗಿ ವಯಸ್ಕರಿಗೆ ಕಸಬನ್ನೂ ಕಲಿಸುತ್ತಿದೆ. ಹೈದರಾಬಾದಿನ ಬಂಧುಗಳಿಗೆ ಸಿಕಂದರಾಬಾದಿನಲ್ಲಿ 1984ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಂಸ್ಥೆಯೇ ಇದೆ. ಸರಕಾರಿ ಹುದ್ದೆಗಳಲ್ಲಿ ವಿಕಲಚೇತನರಿಗಿರುವ ಶೇಕಡಾ 4ರ ಮೀಸಲಾತಿಯಲ್ಲಿ ಒಂದು ಪಾಲು ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕೆಯ ತೊಡಕು ಮೊದಲಾದವುಗಳಿಗೆ ಸೇರಿದೆ. ಆದರೆ ಸರಕಾರದ ಹುದ್ದೆ ಎಷ್ಟು ಮಂದಿಗೆ ದಕ್ಕೀತು?

ನಮ್ಮ ಕಣ್ಣೆದುರಿಗೇ ಒಂದು ಮಾದರಿಯಿದೆ. 2017ರಲ್ಲಿ ಅಲೀನಾ ಆಲಂ ಎಂಬವರು ಹುಬ್ಬಳ್ಳಿಯಲ್ಲಿ ತೆರೆದ ಮಿಟ್ಟಿ ಕೆಫೆಯಲ್ಲಿ ಚಹಾ ಮಾಡುವವರೂ ಬಡಿಸುವವರೂ ವಿಕಲಚೇತನರೇ. 2023ರ ನವೆಂಬರಿನಲ್ಲಿ ಅದರ ಶಾಖೆಯೊಂದು ದೆಹಲಿಯ ಸರ್ವೋಚ್ಚ ನ್ಯಾಯಾಲಯದ ಆವರಣದಲ್ಲಿ ತೆರೆಯಿತು. ಕನ್ನಡ ನೆಲದಲ್ಲಿ ಹುಟ್ಟಿದ ಕೆಲಸ ಅಲ್ಲಿಯವರೆಗೆ ಹೋಗಿರುವಾಗ, ಊರೂರಿನಲ್ಲಿ ಹೋಟೆಲು ನಡೆಸುವ ನಾವು ಹಿಂದುಳಿಯಬೇಕೇ?

ಹೋಟೆಲಿನಲ್ಲಿ ದಿನದಿನವೂ ಒಂದೇ ರೀತಿ ನಡೆಯುವ ಕೆಲಸಗಳು ಎಷ್ಟೋ ಇವೆ: ತೆಂಗಿನಕಾಯಿ ತುರಿಯುವುದು, ಲೋಟಗಳಿಗೆ ನೀರು ತುಂಬುವುದು, ತಟ್ಟೆ ಜೋಡಿಸುವುದು. ನಮಗೆ ಬೇಸರ ತರುವ ಈ ಏಕರೀತಿಯೇ ಇಂಥ ಎಷ್ಟೋ ಹುಡುಗರಿಗೆ ಆಧಾರ. ಗಿರಾಕಿಗಳು ಕಡಮೆಯಿರುವ ಮಧ್ಯಾಹ್ನದ ಹೊತ್ತಿನಲ್ಲಿ ಎರಡು ಗಂಟೆಯ ಕೆಲಸದಿಂದ ತೊಡಗಬಹುದು. ಹಳೆಯ ಕೆಲಸಗಾರನೊಬ್ಬನನ್ನು ಅಣ್ಣನಂತೆ ಜೊತೆಗಿರಿಸಬೇಕು. ಆದರೆ ಒಂದು ಎಚ್ಚರಿಕೆ: ಊಟ ಹಾಕಿದೆವಲ್ಲಾ ಎಂದು ಸಂಬಳ ತಪ್ಪಿಸುವುದು ಉಪಕಾರವಲ್ಲ, ಅನ್ಯಾಯ. ಎಳೆವೆಯಲ್ಲಿ ಬರಿಯ ಊಟಕ್ಕೆ ದುಡಿದು ಬಂದ ನಮ್ಮ ಹಿರಿಯರಿಗೆ ಆ ನೋವು ಮರೆತಿರಲಾರದು.

ಆ ಗಲ್ಲದ ಹಿರಿಯರಿಗೆ ನಾವು ದೊಡ್ಡ ಸಮಾಧಾನವನ್ನೇನೂ ಹೇಳಲಾರದೆ ಹೋದೆವು. ನಾಳೆ ಬೆಳಗ್ಗೆ ಮಗನನ್ನು ಹೋಟೆಲಿಗೆ ಕರೆತಂದು ಲೋಟ ಜೋಡಿಸಲು ಬಿಡಿ ಎಂದೆವು. "ಒಡೆದರೆ?" ಎಂದರು. ಒಡೆಯಲಿ, ನಿಮ್ಮ ಮೊದಲ ವಾರದಲ್ಲಿ ನೀವೆಷ್ಟು ಒಡೆದಿರಿ ಎಂದು ಕೇಳಿದೆವು. ಹಿರಿಯರು ನಕ್ಕರು. ಹುಡುಗನಿಗೆ ಹದಿನೆಂಟು ತುಂಬಲು ಇನ್ನೂ ಏಳು ತಿಂಗಳಿವೆ.